ಹಿಂದಿನ ಸೀಟಿನ ಜಾಲರಿ

ಅಕ್ಕನ ಕಾರು ಮತ್ತೆ ಹಗ್ಗ ಕಟ್ಟಿಸಿಕೊಂಡು ಗ್ಯಾರೇಜಿಗೆ ಬಂದಾಗ ಪಾನಾನ ಎದೆ ಧಸಕ್ಕೆಂದಿತು. ಸದಾ ಕೈಯಲ್ಲೊಂದು ಪಾನಾ ಹಿಡಿದೇ ಇರುತ್ತಾನೆಂದು ಜನ ಆ ಮೆಕ್ಯಾನಿಕ್‌ಗೆ ಇಟ್ಟ ಹೆಸರದು. ಬಾನೆಟ್ ಎತ್ತದೆಯೇ ಏನು ಕೆಟ್ಟಿದೆಯೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು, ಕೆಟ್ಟದ್ದನ್ನೇ ಮಾರಿದ ಪುಣ್ಯಾತ್ಮ ಅವನೇ ತಾನೆ!

ಪೆಟ್ರೋಲಿನಲ್ಲೂ ಕರೆಂಟಿನಲ್ಲೂ ಓಡುವ ಹಳೆಯ ಹೈಬ್ರಿಡ್ ಸೆಡಾನ್ ಅದು. ಹಿಂದಿನ ಸೀಟಿನ ಬೆನ್ನಿಗೆ ದೊಡ್ಡ ಬ್ಯಾಟರಿ, ಅದರೊಳಗೆ ಸಾಲಾಗಿ ಸೆಲ್‌ಗಳು. ಒಂದು ಸತ್ತರೆ ಪಕ್ಕದ್ದೂ ಅದೇ ದಾರಿ ಹಿಡಿಯುತ್ತದೆ. ಹೊಸ ಬ್ಯಾಟರಿ ಅಂದರೆ ಕಾರಿನ ಅರ್ಧ ಬೆಲೆ. ಇವನು ಗುಜರಿಗೆ ಹೋದ ಗಾಡಿಯಿಂದ ಎರಡು ಸೆಲ್ ಕಿತ್ತು ತುರುಕಿ, ಸ್ಕ್ಯಾನರ್ ಹಚ್ಚಿ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಆರಿಸಿ, ಗಾಡಿಯನ್ನು ಒರೆಸಿ ಮಿಂಚಿಸಿ ಕೀಲಿ ಕೊಟ್ಟಿದ್ದ. ಯಾರಿಗೆ? ಎತ್ತಿ ಆಡಿಸಿದ ಅಕ್ಕನಿಗೆ! ಕೈಯಲ್ಲಿ ನಾಲ್ಕು ಕಾಸಾದಾಗ ಹೊಸದು ಹಾಕಿಕೊಟ್ಟರಾಯಿತು ಅಂದುಕೊಂಡಿದ್ದ. ಅಲ್ಲಿಂದ ಇಲ್ಲಿಯವರೆಗೆ ಗಾಡಿ ನಿಂತಾಗಲೆಲ್ಲ ದೀಪ ಆರಿಸಿ ಕಳಿಸಿದ್ದೇ ಬಂತು.

ಭಾವ ಹೊರಗೆ, ಎಳೆದು ತಂದ ಬಾಡಿಗೆ ಜೀಪಿನ ಹಗ್ಗ ಬಿಚ್ಚುತ್ತಿದ್ದರು. ಅಕ್ಕ ತಮ್ಮನನ್ನು ಟೈರುಗಳ ಮರೆಗೆ ಎಳೆದುಕೊಂಡು ಹೋದಳು.

"ಲೋ, ತಪ್ಪು ನಂದೇ ಕಣೋ."

"ನಿಂದೇನಕ್ಕಾ?"

"ಹಿಂದಿನ ಸೀಟಿನ ಪಕ್ಕ ಆ ಜಾಲರಿ ಇದ್ಯಲ್ಲ, ಬ್ಯಾಟರಿಗೆ ಗಾಳಿ ಹೋಗೋದು. ಅಡ್ಡ ಏನೂ ಇಡಬೇಡ ಅಂತ ನೀನು ಬಾಯಿ ಬಡ್ಕೊಂಡಿದ್ದೆ. ನಾನು ಎಲ್ಲಾ ಅಂಗಡಿಗೂ ಒಂದೇ ಸಲ ಮುಟ್ಟಿಸೋಣ ಅಂತ ದಿಂಬು ಒಟ್ಟಿಬಿಟ್ಟೆ. ಪಾಪ, ಉಸಿರು ಕಟ್ಟಿ ಸತ್ತೋಯ್ತು ನೋಡು."

ಅಕ್ಕ ಹತ್ತಿ ದಿಂಬು ಹೊಲಿದು ಮಾರುವವಳು. ಪಾನಾ ಹೋಗಿ ಜಾಲರಿ ನೋಡಿ ಬಂದ. ಒಮ್ಮೆ ಊದಿದರೆ ಹಾರಿಹೋಗುವಷ್ಟು ಹತ್ತಿ ಇತ್ತು, ಅಷ್ಟೇ. ಕುಂಬಳಕಾಯಿ ಕದ್ದವನು ತೆಪ್ಪಗಿದ್ದ, ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದವಳು ಅಕ್ಕ.

"ನಿಮ್ಮ ಭಾವಂಗೆ ಗೊತ್ತಾದ್ರೆ ಮುಗೀತು. ಮತ್ತೆ ನಿನ್ನಿಂದ ಕೆಟ್ರೆ ಸ್ಟೀರಿಂಗ್ ಮುಟ್ಟಂಗಿಲ್ಲ ಅಂದಿದ್ದಾರೆ. ಈ ವಯಸ್ಸಲ್ಲಿ ಕಲ್ತಿದೀನಿ ಕಣೋ, ಕೀಲಿ ಹೋದ್ರೆ ನಾನು ಮತ್ತೆ ಬಸ್ಸಲ್ಲಿ ಮೂಟೆ ಹೊರಬೇಕು. ಬ್ಯಾಟರಿ ಮೊದಲೇ ಹಾಳಾಗಿತ್ತು, ಗೊತ್ತಿದ್ದೂ ಮಾರಿದೆ ಅಂತ ಹೇಳಿಬಿಡು. ಬೈತಾರೆ, ನನಗೋಸ್ಕರ ಬೈಸ್ಕೋ. ಸುಳ್ಳು ಹೇಳಿಸ್ತಿದೀನಿ ಅಂತ ಬೇಜಾರು ಮಾಡ್ಕೋಬೇಡಪ್ಪ."

ಅದು ಸುಳ್ಳಲ್ಲ ಅಕ್ಕಾ ಅನ್ನಲು ಅವನು ಬಾಯಿ ತೆರೆದ. ಬಿಸಿ ತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಷ್ಟರಲ್ಲಿ ಭಾವ ಒಳಗೆ ಬಂದರು.

"ಬ್ಯಾಟರಿ ಮೊದಲೇ ಹಾಳಾಗಿತ್ತು ಭಾವ," ಎಂದ ಪಾನಾ. "ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ."

ಭಾವ ಇಬ್ಬರ ಮುಖವನ್ನೂ ನೋಡಿ ನಕ್ಕುಬಿಟ್ಟರು. ಆಯುಷ್ಯವೆಲ್ಲ ಬಸ್ಸು ಓಡಿಸಿ ರಿಟೈರಾದವರು. ತಮ್ಮನ್ನು ಬಿಟ್ಟರೆ ಲೋಕದಲ್ಲಿ ಯಾರಿಗೂ ಗಾಡಿ ಓಡಿಸಲು ಬರುವುದಿಲ್ಲ ಎಂಬುದು ಅವರ ನಂಬಿಕೆ.

"ಅಕ್ಕ ತಮ್ಮ ಸೇರಿ ನನ್ನ ಕಿವಿಗೆ ಹೂವಿಡ್ತೀರಾ? ನೀನು ಒಡಹುಟ್ಟಿದೋಳಿಗೆ ಕೆಟ್ಟ ಗಾಡಿ ಮಾರ್ತೀಯಾ? ಅಂಥೋನಲ್ಲ ನೀನು. ದಿಂಬು ಒಟ್ಟಿದ್ದು ನಾನೇ ಕಣ್ಣಾರೆ ನೋಡಿದೀನಿ." ಹೆಂಡತಿಯ ಮುಂದೆ ಕೈ ಚಾಚಿದರು. "ಕೊಡೇ ಕೀಲಿ."

ಅಕ್ಕ ಕೊಟ್ಟಳು. ಅವಳ ಮುಖ ಸಣ್ಣಗಾಯಿತು. ಆದರೂ ತಮ್ಮನ ಕಡೆ ತಿರುಗಿ, ನೀನು ಹೇಳಿದೆಯಲ್ಲ, ಅಷ್ಟೇ ಸಾಕು ಎಂಬಂತೆ ತಲೆಯಾಡಿಸಿದಳು. ಪಾನಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಈಗ ಸುಮ್ಮನಿದ್ದರೆ ಅವನು ಅಕ್ಕನಿಗಾಗಿ ಬೈಗುಳಕ್ಕೂ ಸಿದ್ಧನಾದ ತಮ್ಮ. ಸುಮ್ಮನಿರಲು ಆಗಲಿಲ್ಲ. ರಬ್ಬರ್ ಗ್ಲೌಸ್ ಹಾಕಿಕೊಂಡು, ಬ್ಯಾಟರಿಯ ಕರೆಂಟು ತಪ್ಪಿಸುವ ಕಿತ್ತಳೆ ಬಣ್ಣದ ಪ್ಲಗ್ ಎಳೆದು, ಹಿಂದಿನ ಸೀಟು ಕಿತ್ತ. ಬ್ಯಾಟರಿಯ ಮುಚ್ಚಳ ತೆಗೆದ. ಗುಜರಿಯಿಂದ ತಂದ ಯಾವ ಸಾಮಾನಿಗೂ ಹಳದಿ ಬಣ್ಣದ ಬೊಟ್ಟಿಡುವುದು ಅವನ ಪದ್ಧತಿ. ಮನೆಯವರಿಗೆಲ್ಲ ಅದು ಗೊತ್ತು. ಸಾಲಿನ ನಡುವೆ ಎರಡು ಸೆಲ್‌ಗಳ ಮೇಲೆ ಎರಡು ಹಳದಿ ಬೊಟ್ಟು. ಸುತ್ತಲಿನ ತಾಮ್ರವೆಲ್ಲ ಹಸಿರುಗಟ್ಟಿತ್ತು, ನಿನ್ನೆ ಮೊನ್ನೆ ಹಾಕಿದ್ದಲ್ಲ.

ಭಾವ ಬಗ್ಗಿ ನೋಡಿದರು. ಎದ್ದು, ಕೀಲಿಯನ್ನು ಹೆಂಡತಿಯ ಅಂಗೈಯಲ್ಲಿಟ್ಟರು.

ಅಕ್ಕ ಬೈಯಲಿಲ್ಲ. ಆ ಬೊಟ್ಟುಗಳನ್ನು ನೋಡಿದಳು. ಆಮೇಲೆ ಕೇಳಿದಳು:

"ಗಾಡಿ ಕೊಟ್ಟ ದಿನ ಆ ಜಾಲರಿ ವಿಷಯ ಅಷ್ಟು ಸಲ ಹೇಳಿದ್ಯಲ್ಲೋ. ನಾನು ದಿಂಬು ಒಟ್ತೀನಿ ಅಂತ ನಿನಗೆ ಗೊತ್ತಿತ್ತು. ಮುಂದೆ ಕೆಟ್ಟಾಗ ನನ್ನ ತಲೆಗೆ ಕಟ್ಟೋಣ ಅಂತಾನಾ?"

ಇಲ್ಲ ಅನ್ನಬಹುದಿತ್ತು. ಅವಳು ನಂಬಿಯೂ ಬಿಡುತ್ತಿದ್ದಳು.

"ಹೂಂ ಅಕ್ಕಾ," ಎಂದ.

ಅವಳು ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು ಗಂಡನ ಕಡೆ ತಿರುಗಿದಳು. "ಬೇರೆ ಮೆಕ್ಯಾನಿಕ್ ಯಾರಾದ್ರೂ ಗೊತ್ತೇನ್ರೀ?"

"ಹುಡುಕೋಣ ಬಾ," ಎಂದರು ಭಾವ. ಪಾನಾನ ಕಡೆ ನೋಡದೆ, "ಆ ಹಗ್ಗ ಸ್ವಲ್ಪ ಕಟ್ಟಿಕೊಡು" ಎಂದರು.

ಅವನು ಬ್ಯಾಟರಿಗೆ ಮುಚ್ಚಳ ಹಾಕಿ, ಸೀಟು ಕೂರಿಸಿ, ಕಾರಿನಿಂದ ಹೊರಗೆ ಬಂದು ಕಟ್ಟಿಕೊಟ್ಟ.