ಒಂದೇ ಕೋಣೆಯ ಕಾಟೇಜು

"ಇದರಲ್ಲಿ ಒಂದೇ ಕೋಣೆ ಇದೆಯಲ್ಲ," ಎಂದರು ಡ್ರೈವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು. "ಎರಡು ಕೋಣೆದು ಯಾವುದೂ ಇಲ್ವಾ?"

ಟೇಲರಮ್ಮನ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಕತ್ತರಿಸುವ ಮೇಜಿನ ಮೇಲಿನ ಬಟ್ಟೆ ಚೂರುಗಳನ್ನು ಒತ್ತರಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಮಗಳು ಅಮ್ಮನ ಮುಖ ನೋಡಿದಳು. ಲ್ಯಾಪ್‌ಟಾಪಿನಲ್ಲಿ ಕಂಡ ಕೆರೆಯ ದಂಡೆಯ ಆ ಮರದ ಮನೆಯನ್ನು ಆಗಷ್ಟೇ ಮೆಚ್ಚಿ, "ಕಿಟಕಿ ಎಷ್ಟಗಲ ನೋಡೇ, ಮಲಗಿದಲ್ಲಿಂದಲೇ ನೀರು ಕಾಣುತ್ತೆ" ಎಂದಿದ್ದವಳು ಅಮ್ಮನೇ.

ಡ್ರೈವರು, ಟೇಲರಮ್ಮ ಇಬ್ಬರ ಮದುವೆ ರಿಜಿಸ್ಟರ್ ಆಗಿ ಒಂದು ವಾರವಾಗಿತ್ತಷ್ಟೆ. ಡ್ರೈವರಿಗೆ ಹೆಂಡತಿ, ಟೇಲರಮ್ಮನಿಗೆ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸಮವಸ್ತ್ರಕ್ಕೆ ಗುಂಡಿ ಹಾಕಿಸಲು ಅಂಗಡಿಗೆ ಬರುತ್ತಿದ್ದ ಮನುಷ್ಯ, ನಿವೃತ್ತಿಯಾಗಿ ಸಮವಸ್ತ್ರವೇ ಇಲ್ಲವಾದ ಮೇಲೂ ಬರುವುದನ್ನು ಬಿಡದಿದ್ದಾಗ ಬೀದಿಗೆಲ್ಲ ವಿಷಯ ಅರ್ಥವಾಗಿತ್ತು. ಇವರಿಬ್ಬರಿಗೆ ಅರ್ಥವಾದದ್ದು ಕೊನೆಗೆ.

ಆದರೆ ಸಂಸಾರ ಹೂಡುವುದು ಎಲ್ಲಿ? "ನೀವು ನಮ್ಮನೆಗೆ ಬಂದ್ರೆ ನೀವು ನೆಂಟರು, ನಾನು ನಿಮ್ಮನೆಗೆ ಬಂದ್ರೆ ನಾನು ನೆಂಟಳು. ಮೊದಲು ನಾಲ್ಕು ದಿನ ಯಾರದ್ದೂ ಅಲ್ಲದ ಮನೇಲಿ ಇರೋಣ. ಆಮೇಲೆ ಎಲ್ಲಾದ್ರೂ ಸರಿ," ಎಂದಿದ್ದರು ಟೇಲರಮ್ಮ. ಅದಕ್ಕೇ ಈ ಹುಡುಕಾಟ.

ಮಗಳು ಇನ್ನೊಂದು ತೋರಿಸಿದಳು. ಹೊಲದ ನಡುವಿನ ಕಲ್ಲಿನ ಮನೆ. ಎರಡು ಕೋಣೆ, ನಡುವೆ ದಪ್ಪ ಗೋಡೆ.

"ಇದು ಚೆನ್ನಾಗಿದೆ. ಗಟ್ಟಿಮುಟ್ಟಾಗಿದೆ," ಎಂದರು ಡ್ರೈವರು.

"ಕೋಟೆ ಕಟ್ಟೋಕೆ ಹೋಗ್ತಿದೀವಾ, ಗಟ್ಟಿಮುಟ್ಟು ನೋಡೋಕೆ?" ಎಂದು ಟೇಲರಮ್ಮ ನಕ್ಕರು. ಆದರೆ ನಗು ತುಟಿ ದಾಟಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, "ಆಯ್ತು, ಅವರಿಗೆ ಬೇಕಾದ್ದೇ ಮಾಡು," ಎಂದು ಮತ್ತೆ ಯಂತ್ರಕ್ಕೆ ಬಾಗಿದರು. ಅವರು ಹೊಲಿಯುತ್ತಿದ್ದುದು ಪ್ರಯಾಣಕ್ಕೆಂದು ತಮಗೇ ಒಂದು ರವಿಕೆ.

ಡ್ರೈವರು ಮೆಲ್ಲಗೆ ಎದ್ದು ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ಮಗಳು ಹಿಂದೆಯೇ ಬಂದಳು.

"ಅಂಕಲ್, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ಅಮ್ಮ ಏನಂದ್ಕೊಂಡಿದಾಳೆ ಗೊತ್ತಾ? ನಿಮಗೆ ಮನಸ್ಸಿಲ್ಲ ಅಂತ."

ಡ್ರೈವರು ಗಾಬರಿಯಾದರು. "ಅಯ್ಯೋ, ಹಾಗಲ್ಲಮ್ಮ." ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದನ್ನು ನೋಡುತ್ತಲೇ ಹೇಳಿದರು: "ನಾನು ನಿದ್ದೇಲಿ ಇನ್ನೂ ಬಸ್ಸು ಓಡಿಸ್ತೀನಿ. ಎದುರಿಗೆ ಏನೋ ಬಂದ ಹಾಗಾಗಿ ಕಾಲು ಬೀಸಿ ಬ್ರೇಕ್ ಒತ್ತುತ್ತೀನಿ. ನಮ್ಮವಳು ಪಾಪ, ಕಾಲೆಲ್ಲ ನೀಲಿಗಟ್ಟಿಸಿಕೊಂಡು ಓಡಾಡ್ತಿದ್ದಳು. ಒಂದಿನ ದಿಂಬು ತಗೊಂಡು ಆಚೆ ಕೋಣೆಗೆ ಹೋದಳು. ವಾಪಸ್ ಕರೆಯೋಕೆ ನನಗೆ ಬಾಯಿ ಬರಲಿಲ್ಲ. ಕೊನೇವರೆಗೂ ಹಾಗೇ ಉಳಿದುಬಿಡ್ತು. ಇವರೂ ಎದ್ದು ಹೋಗೋದನ್ನ ನೋಡೋ ಬದಲು, ಮೊದಲೇ ಎರಡು ಕೋಣೆ ಇದ್ರೆ..."

"ಇದನ್ನ ನನಗಲ್ಲ, ಅವಳಿಗೆ ಹೇಳಿ," ಎಂದು ಮಗಳು ಕೈ ಹಿಡಿದು ಎಬ್ಬಿಸಿದಳು.

ಟೇಲರಮ್ಮ ಯಂತ್ರ ನಿಲ್ಲಿಸಿ, ಎಲ್ಲವನ್ನೂ ಗಂಭೀರವಾಗಿ ಕೇಳಿದರು. ಅಳತೆ ತೆಗೆದುಕೊಳ್ಳುವಾಗಲೂ ಅವರ ಮುಖ ಹೀಗೇ ಇರುತ್ತಿತ್ತು.

"ಯಾವ ಕಾಲು?"

"ಬಲಗಾಲು. ಬ್ರೇಕ್ ಇರೋದು ಬಲಗಾಲಿಗೆ."

"ಹಾಗಾದ್ರೆ ನಾನು ಎಡಗಡೆ ಮಲಗ್ತೀನಿ. ಹಾರನ್ನೂ ಹೊಡೀತೀರಾ?"

"ಅದೂ ಇದೆ," ಎಂದರು ಡ್ರೈವರು ತಲೆ ತಗ್ಗಿಸಿ. "ಜನ ಅದನ್ನ ಗೊರಕೆ ಅಂತಾರೆ."

ಟೇಲರಮ್ಮ ನಕ್ಕರು, ಈ ಸಲ ಭುಜ ಕುಲುಕುವ ಹಾಗೆ. "ನಲವತ್ತು ವರ್ಷದಿಂದ ಈ ಯಂತ್ರದ ಪಕ್ಕ ಕೂತಿದೀನಿ, ಡ್ರೈವರೇ. ನಿಮ್ಮ ಗೊರಕೆ ಯಾವ ಲೆಕ್ಕ? ಬುಕ್ ಮಾಡೇ, ಆ ಕೆರೆ ದಂಡೇದು."

ಅಲ್ಲಿಗೆ ಹೋಗಿ ನೋಡಿದರೆ, ಫೋಟೋದಲ್ಲಿ ಕಂಡಷ್ಟು ದೊಡ್ಡ ಕೆರೆಯೇನೂ ಅದಾಗಿರಲಿಲ್ಲ. ಕಿಟಕಿಯಂತೂ ಅಗಲವಾಗಿತ್ತು. ಮನೆ ನೋಡಿಕೊಳ್ಳುವ ಹೆಂಗಸು ಬೀಗದ ಕೈ ಕೊಟ್ಟು, ದೀಪದ ಸ್ವಿಚ್ಚು ತೋರಿಸಿ ಹೊರಟುಹೋದಳು. ಚೀಲ ಹಿಡಿದ ಇಬ್ಬರೂ ಬಾಗಿಲಲ್ಲಿ ಉಳಿದರು.

"ಬನ್ನಿ, ಒಳಗೆ ಬನ್ನಿ," ಎಂದರು ಟೇಲರಮ್ಮ.

"ಬನ್ನಿ, ಒಳಗೆ ಬನ್ನಿ," ಎಂದು ಅದೇ ಗಳಿಗೆಯಲ್ಲಿ ಡ್ರೈವರೂ ಅಂದಿದ್ದರು.

ಇಬ್ಬರೂ ಹೊಸ್ತಿಲಲ್ಲೇ ನಿಂತು ಒಬ್ಬರಿಗೊಬ್ಬರು ದಾರಿ ಬಿಡತೊಡಗಿದರು. ಕೆರೆಯ ಕಡೆಯಿಂದ ಬಂದ ಗಾಳಿ ಮಾತ್ರ ಯಾರನ್ನೂ ಕೇಳದೆ ಅವರ ನಡುವಿನಿಂದ ನುಗ್ಗಿ, ಹಾಸಿಗೆಯ ಬಿಳಿ ಹೊದಿಕೆಯ ಅಂಚನ್ನು ಒಮ್ಮೆ ಎತ್ತಿ ನೋಡಿತು.