ಎದುರುಮನೆಗೆ ಬಂದ ಕರೆಂಟು

ಜನರೇಟರ್ ಗಿಲೆನ್‌ಳ ಕೊಟ್ಟಿಗೆಯ ಬಾಗಿಲಿಗೆ ಬರುವ ಹೊತ್ತಿಗೆ ಹಸುಗಳ ಕೂಗು ಸಹಿಸಲಾರದಷ್ಟಾಗಿತ್ತು. ಹಿಂದಿನ ದಿನದಿಂದ ಹಾಲು ಕರೆದಿರಲಿಲ್ಲ, ಕೆಚ್ಚಲುಗಳು ಕಲ್ಲಾಗಿದ್ದವು. ಕ್ಯುಬೆಕ್ಕಿನ ಆ ಬಯಲಿನಲ್ಲಿ ಮಳೆ ಬಿದ್ದಲ್ಲೇ ಹೆಪ್ಪುಗಟ್ಟುತ್ತಿತ್ತು. ಮಂಜುಗಡ್ಡೆಯ ಭಾರಕ್ಕೆ ತಂತಿ ಹರಿದು, ಕಂಬ ಮುರಿದು, ಊರಿಗೆ ಊರೇ ಕತ್ತಲಾಗಿತ್ತು. ಇದ್ದ ಒಂದು ಜನರೇಟರ್ ಸರದಿಯ ಮೇಲೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುತ್ತಿತ್ತು.

ಅದರ ಬೆನ್ನಿಗೇ ಗಿಲೆನ್‌ಳ ಬುದ್ಧಿಮಾತೂ ಹೋಗುತ್ತಿತ್ತೆನ್ನಿ. "ಮೊದ್ಲು ಮೇನ್ ಸ್ವಿಚ್ ಇಳಿಸ್ರಪ್ಪಾ. ಇಲ್ಲಾಂದ್ರೆ ನಿಮ್ಮ ಕರೆಂಟು ವಾಪಸ್ ತಂತಿಗೆ ಹತ್ತಿ, ಕಂಬದ ಮೇಲಿರೋನ ಜೀವ ತೆಗೆಯುತ್ತೆ" ಎಂದು ಹೇಳಿ ಹೇಳಿ ಎಲ್ಲರ ತಲೆ ಚಿಟ್ಟು ಹಿಡಿಸಿದ್ದಳು. ಈಗ ಅವಳದೇ ಸರದಿ. ಹಸುಗಳ ಕೂಗಿಗೆ ಅವಸರದಲ್ಲಿ ವೈರು ಸಿಕ್ಕಿಸಿ, ಜನರೇಟರ್ ತಿರುಗಿಸುವ ಟ್ರಾಕ್ಟರನ್ನು ಚಾಲೂ ಮಾಡಿದಳು. ಕೊಟ್ಟಿಗೆಯ ದೀಪಗಳು ಹತ್ತಿದವು.

ರಸ್ತೆಯಾಚೆಯ ಮನೆಯಿಂದ ಅತ್ತಿಗೆ ಉಗೆತ್ ಕೂಗಿದಳು. "ಬಂತು ಕಣೇ ಗಿಲೆನ್! ಕರೆಂಟು ಬಂತು! ಇನ್ನು ಆ ಡಬ್ಬಾ ಹಿಂದೆ ಜೋತಾಡೋದು ಬೇಡ!"

ಗಿಲೆನ್ ತಿರುಗಿ ನೋಡಿದಳು. ಅತ್ತಿಗೆಯ ಅಡುಗೆಮನೆ ಬೆಳಗುತ್ತಿತ್ತು. ಬೇರೆ ಯಾವ ಮನೆಯ ಕಿಟಕಿಯಲ್ಲೂ ಬೆಳಕಿರಲಿಲ್ಲ. ಇವರಿಬ್ಬರ ಮನೆಗೆ ಟ್ರಾನ್ಸ್‌ಫಾರ್ಮರ್ ಒಂದೇ. ಆ ಬೆಳಕು ತನ್ನ ಜನರೇಟರಿನದೇ; ತಾನು ಮೇನ್ ಸ್ವಿಚ್ ಇಳಿಸಿರಲಿಲ್ಲ! ಇಗರ್ಜಿಯ ತಿರುವಿನಲ್ಲಿ ಲೈನ್‌ಮನ್‌ಗಳು ಕಂಬ ಹತ್ತುತ್ತಿದ್ದುದನ್ನು ಆಗತಾನೇ ನೋಡಿ ಬಂದಿದ್ದಳು.

ಟ್ರಾಕ್ಟರ್ ಆರಿಸಿ, ಮೇನ್ ಇಳಿಸಿ ಇಗರ್ಜಿಯತ್ತ ಓಡಿದಳು. ಕಾಲು ಜಾರಿತು, ಬಿದ್ದಳು, ಎದ್ದು ಮತ್ತೆ ಬಿದ್ದಳು. ಕೊನೆಗೆ ಚರಂಡಿಯಂಚಿನ ಹುಲ್ಲು ಹಿಡಿದು ಅಂಬೆಗಾಲಿಟ್ಟಳು. ಎದುರಿನಿಂದ ಲೈನ್‌ಮನ್‌ಗಳ ಮೇಸ್ತ್ರಿ ನೊರ್ಮಾನ್ ಬರುತ್ತಿದ್ದ.

"ಯಾರ್ರೀ ಅದು ಜನರೇಟರ್ ಹಾಕಿದ್ದು?"

"ನಾನೇ. ಯಾರಿಗಾದ್ರೂ…"

"ತಂತಿ ಮುಟ್ಟೋ ಮುಂಚೆ ಟೆಸ್ಟರ್ ಹಿಡಿದ್ವಿ, ಕರೆಂಟಿದೆ ಅಂತ ಕಿರುಚ್ಕೊಳ್ತು. ಅದಕ್ಕೇ ಬದುಕಿದ್ದೀವಿ."

ಗಿಲೆನ್ ಅಳಲಿಲ್ಲ. ಅಳುವುದಕ್ಕೂ ನಾಚಿಕೆಯಾಯಿತು.

"ಹೋಗಿ, ಹಾಲು ಕರೀರಿ. ಹಸುಗಳು ಬಾಯಿ ಬಡ್ಕೋತಿವೆ" ಎಂದ ಅವನು.

"ನಿಮ್ಮವರನ್ನೆಲ್ಲ ಕರ್ಕೊಂಡು ಬನ್ನಿ. ಎಲ್ಲರೂ ನೆಟ್ಟಗಿರೋದನ್ನ ಕಣ್ಣಾರೆ ನೋಡ್ದೆ ನಾನು ಚಾಲೂ ಮಾಡಲ್ಲ."

"ಮೇನ್ ಇಳಿಸಿದ್ದೀರಲ್ಲ?"

"ಇಳಿಸಿದ್ದೀನಿ ಅಂತ ನಾನು ಹೇಳಿದ್ರೆ ನಂಬ್ತೀರಾ?"

ನೊರ್ಮಾನ್ ಹಿಂದಿರುಗಿ ತನ್ನವರನ್ನು ಕರೆತಂದ. "ಹಾಲು ಕರೆಯೋಕೂ ನಾವೇ ಬೇಕಾ?" ಎಂದು ಗೊಣಗುತ್ತ, ಹೆಲ್ಮೆಟ್ಟಿನ ಮಂಜು ಕೊಡವುತ್ತ ಅವರು ಕೊಟ್ಟಿಗೆಯಲ್ಲಿ ಸಾಲಾಗಿ ನಿಂತರು. ಗಿಲೆನ್ ಒಬ್ಬೊಬ್ಬರದೇ ಕೈಗವಸು ತೆಗೆಸಿ ಅಂಗೈ ಮುಟ್ಟಿ ನೋಡಿದಳು. ಯಾರ ಮುಖವನ್ನೂ ನೋಡಲಿಲ್ಲ. ಕೊನೆಯಲ್ಲಿ ನಿಂತಿದ್ದ ಕೆಂಪುಗಡ್ಡದವನು ಮಾತ್ರ, "ಬೆಚ್ಚಗಿದೆ ಅಲ್ವಾ ತಾಯಿ?" ಎಂದ.

ನೊರ್ಮಾನ್ ತಾನೇ ಹೋಗಿ ಮೇನ್ ನೋಡಿ ಬಂದು, ಟ್ರಾಕ್ಟರ್ ಹತ್ತಿ ಚಾಲೂ ಮಾಡಿದ. ದೀಪ ಹತ್ತಿ, ಹಾಲು ಕರೆಯುವ ಯಂತ್ರ ಸದ್ದು ಮಾಡತೊಡಗಿತು. ಗಿಲೆನ್ ಕೆಂಪುಗಡ್ಡದವನ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದಳು.