ಬಾಯಿಬಿಟ್ಟು ಹೇಳಿ ಸರ್

ಪುರಂದರನಿಗೆ ಕುರ್ಚಿ ಕೊಟ್ಟಿದ್ದರು. ಅದೂ ಎರಡನೆಯ ಸಾಲಿನಲ್ಲಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿ. ಆರು ವರ್ಷ ಕುವೈತಿನ ಇದೇ ಅಹ್ಮದಿ ಮೈದಾನದಲ್ಲಿ ಕಾವೇರಿ ಹಾಕಿ ತಂಡದ ಫುಲ್‌ಬ್ಯಾಕ್ ಆಗಿ ಮೊಣಕಾಲು ಸವೆಸಿದವನಿಗೆ ಫೈನಲ್ ಪಂದ್ಯದ ದಿನ ಸಿಕ್ಕಿದ ಮರ್ಯಾದೆ ಅದು. ಇನ್ನೊಬ್ಬನಾಗಿದ್ದರೆ ಖುಷಿಪಡುತ್ತಿದ್ದನೋ ಏನೋ. ಪುರಂದರನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಬರುವುದು ಬೇಡ ಅಂತ ಹೇಳಿದ ಮೇಲೆ ಯಾಕೆ ಬಂದದ್ದು?" ಪಕ್ಕದಲ್ಲಿ ಕೂತ ಹೆಂಡತಿ ಉಮಾವತಿ ಕೇಳಿದಳು.

"ಆಡುವುದು ಬೇಡ ಅಂತ ಹೇಳಿದ್ದು. ಬರುವುದು ಬೇಡ ಅಂತ ಅಲ್ಲ."

"ಎರಡೂ ಒಂದೇ. ನಾಚಿಕೆ ಇರುವವರಿಗೆ ಅರ್ಥ ಆಗ್ತದೆ."

ಅವಳ ಮಾತು ಸುಳ್ಳಲ್ಲ ಎಂದು ಪುರಂದರನಿಗೂ ಗೊತ್ತಿತ್ತು. ವಯಸ್ಸು ನಲವತ್ತಮೂರು, ಊರು ಮೂಲ್ಕಿಯ ಹತ್ತಿರ, ಕೆಲಸ ಶುವೈಖ್‌ನ ಗೋದಾಮೊಂದರಲ್ಲಿ. ಅಲ್ಲಿ ಅವನನ್ನು ಬೆಳಗಿನಿಂದ ಸಂಜೆಯವರೆಗೆ ಎಲ್ಲರೂ ಕರೆಯುವುದು "ಯಲ್ಲಾ, ಯಲ್ಲಾ" ಎಂದೇ, ಅಂದರೆ "ಬೇಗ, ಬೇಗ". ಹೆಸರು ಹಿಡಿದು ಕೂಗುವವರು ಇದ್ದದ್ದು ಶುಕ್ರವಾರ, ಈ ಮೈದಾನದಲ್ಲಿ. ಅದಕ್ಕಾಗಿ ಅವನು ಎಷ್ಟು ಪೆಟ್ಟು ತಿಂದಿದ್ದ, ಎಷ್ಟು ಪೆಟ್ಟು ಕೊಟ್ಟಿದ್ದ ಎಂಬುದು ಅವನ ಮೈಗೆ ಗೊತ್ತು.

ಪೆಟ್ಟಿನ ವಿಷಯಕ್ಕೆ ಬಂದರೆ, ಕಾವೇರಿ ತಂಡದಲ್ಲಿ ಒಂದು ಪದ್ಧತಿ ಇತ್ತು. ತಂಡದ ಮ್ಯಾನೇಜರ್ ಧನಂಜಯ್ ಮೈಸೂರಿನವರು, ಮೀನಾ ಅಲ್ ಅಹ್ಮದಿ ತೈಲಾಗಾರದಲ್ಲಿ ದೊಡ್ಡ ಇಂಜಿನಿಯರ್. ಒಳ್ಳೆಯ ಮನೆತನ, ಒಳ್ಳೆಯ ಮಾತು. ಹೊಡಿ ಬಡಿ ಎಂಬ ಶಬ್ದ ಅವರ ನಾಲಗೆಯ ಮೇಲೆ ಬರುವುದೇ ಇಲ್ಲ. ಹಾಫ್‌ಟೈಮಿನಲ್ಲಿ ಹುಡುಗರಿಗೆಲ್ಲ ಕಿತ್ತಳೆ ತೊಳೆ ಹಂಚುತ್ತ ಬರುತ್ತಿದ್ದರು. ಪುರಂದರನ ಅಂಗೈಗೆ ಎರಡು ತೊಳೆ ಹೆಚ್ಚಿಗೆ ಹಾಕಿ, ಕಿವಿಯ ಹತ್ತಿರ ಬಾಗಿ ಒಂದು ನಂಬರ್ ಹೇಳುತ್ತಿದ್ದರು. "ಎಂಟು." ಅಷ್ಟೇ. ಅದು ಎದುರು ತಂಡದಲ್ಲಿ ನಮ್ಮ ಹುಡುಗರ ಕಾಲಿಗೆ ಸ್ಟಿಕ್ ಹಾಕುತ್ತಿದ್ದವನ ಜೆರ್ಸಿಯ ನಂಬರ್.

ಮುಂದಿನದು ಪುರಂದರನ ಕೆಲಸ. ಹತ್ತು ನಿಮಿಷದಲ್ಲಿ ಆ ಎಂಟನೇ ನಂಬರಿನವನು ಕುಂಟುತ್ತಿದ್ದ, ಪುರಂದರ ಹಳದಿ ಕಾರ್ಡ್ ತಿಂದು ಹೊರಗೆ ಕೂತಿರುತ್ತಿದ್ದ, ನಮ್ಮ ಫಾರ್ವರ್ಡ್‌ಗಳು ಹೂವಿನ ತೋಟದಲ್ಲಿ ಓಡಾಡಿದ ಹಾಗೆ ಓಡಾಡಿ ಗೋಲು ಹೊಡೆಯುತ್ತಿದ್ದರು. ಆಮೇಲೆ ಎದುರು ತಂಡದವರು ದೂರು ತಂದರೆ ಧನಂಜಯ್ ಕೈ ಮುಗಿದು ಹೇಳುತ್ತಿದ್ದರು, "ಏನ್ಮಾಡೋದ್ರಿ, ಪುರಂದರ್ ಸ್ವಲ್ಪ ಕೋಪಿಷ್ಠ. ನಾವು ಹೇಳಿದ್ರೂ ಕೇಳಲ್ಲ." ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಗೆದ್ದ ಮೇಲೆ ತೆಗೆಯುವ ಫೋಟೋದಲ್ಲಿ ಮೇಕೆ ಯಾವಾಗಲೂ ಕೊನೆಯಲ್ಲಿ, ಅರ್ಧ ಭುಜ ಕಾಣುವ ಹಾಗೆ.

ಇದೆಲ್ಲ ಗೊತ್ತಿದ್ದೂ ಯಾಕೆ ಮಾಡಿದ ಎಂದರೆ, ಪೃಥ್ವಿಗಾಗಿ. ಧನಂಜಯ್ ಅವರ ಮಗ. ಕುವೈತಿನಲ್ಲೇ ಹುಟ್ಟಿ ಬೆಳೆದವನು, ಈಗ ಕಾಲೇಜು. ಕಡ್ಡಿಯಂಥ ಹುಡುಗ, ಆದರೆ ಚೆಂಡು ಅವನ ಸ್ಟಿಕ್ಕಿಗೆ ಅಂಟಿಕೊಂಡರೆ ಬಿಡುತ್ತಿರಲಿಲ್ಲ. ಅಂಥ ಆಟ ನೋಡಿದರೆ ಪುರಂದರನಿಗೆ ಎದೆ ತುಂಬುತ್ತಿತ್ತು. ಆ ಕಾಲುಗಳನ್ನು ಯಾರೂ ಮುಟ್ಟಬಾರದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೋದ ವಾರ ಧನಂಜಯ್ ಅವರ ಕ್ವಾರ್ಟರ್ಸ್‌ನಲ್ಲಿ ಕಮಿಟಿ ಸೇರಿತು. ತಂಡಕ್ಕೆ ಹೊಸ ಪೋಷಕಿ ಸಿಕ್ಕಿದ್ದರು, ನ್ಯಾನ್ಸಿ ಮೇಡಂ, ಮಂಗಳೂರಿನ ಕಡೆಯ ಡಾಕ್ಟರ್. ಅವರಿಗೆ ಮಕ್ಕಳು ನೋಡಿ ಕಲಿಯುವಂಥ ತಂಡ ಬೇಕಂತೆ. ಧನಂಜಯ್ ಹೆಂಡತಿ ಯಾಮಿನಿ ಕಾಫಿ ಕೊಟ್ಟರು. ಕಾಫಿ ಕುಡಿದು ಮುಗಿಯುವುದರೊಳಗೆ ಪುರಂದರ ತಂಡದಿಂದ ಹೊರಗಿದ್ದ.

"ಇಮೇಜ್ ಪ್ರಶ್ನೆ ಪುರಂದರ್. ನೀವು ಬೇಜಾರು ಮಾಡ್ಕೋಬೇಡಿ," ಎಂದಿದ್ದರು ಧನಂಜಯ್. "ನಿಮಗೂ ಒಳ್ಳೇದೇ. ಈ ಸೀಸನ್‌ನಲ್ಲಿ ಆಗಲೇ ಒಂದು ರೆಡ್ ಕಾರ್ಡ್ ಆಗಿದೆ. ಇನ್ನೊಂದು ಬಿದ್ರೆ ಎರಡು ವರ್ಷ ಬ್ಯಾನ್."

ಆ ವಯಸ್ಸಿಗೆ ಎರಡು ವರ್ಷ ಎಂದರೆ ಖಲಾಸ್ ಎಂದೇ ಅರ್ಥ. ಪುರಂದರ ಒಂದೇ ಮಾತು ಕೇಳಿದ್ದ. "ಫೈನಲ್ ಇರುವುದು ಪೋರ್ಟ್ ಬ್ರದರ್ಸ್ ಮೇಲೆ. ಅಲ್ಲಿ ಬಾವಾಕುಂಞಿ ಇದ್ದಾನೆ. ಹುಡುಗನನ್ನು ಯಾರು ನೋಡಿಕೊಳ್ಳುವುದು?"

"ಅಂಪೈರ್ ಇರ್ತಾರಲ್ರಿ," ಎಂದು ಕಮಿಟಿಯವರು ನಕ್ಕಿದ್ದರು.

ಈಗ ಆ ಅಂಪೈರ್ ಮೈದಾನದ ಇನ್ನೊಂದು ಮೂಲೆಯಲ್ಲಿ ಯಾರಿಗೋ ಬುದ್ಧಿ ಹೇಳುತ್ತಿದ್ದ. ಪೃಥ್ವಿ ಆಗಷ್ಟೇ ಒಂದು ಗೋಲು ಹೊಡೆದಿದ್ದ. ಅವನು ಮತ್ತೆ ಚೆಂಡು ತೆಗೆದುಕೊಂಡು ಎಡಗಡೆಯಿಂದ ನುಗ್ಗಿದ. ಹಿಂದಿನಿಂದ ಬಂದ ಬಾವಾಕುಂಞಿ ಚೆಂಡಿನ ಕಡೆ ನೋಡಲೂ ಇಲ್ಲ. ಅವನ ಸ್ಟಿಕ್ ನೇರ ಹುಡುಗನ ಕಾಲಿನ ಹರಡಿನ ಮೇಲೆ ಬಿತ್ತು. ಆ ಶಬ್ದ ಎರಡನೆಯ ಸಾಲಿನವರೆಗೂ ಕೇಳಿಸಿತು. ಪೃಥ್ವಿ ಕುಸಿದ, ಯಾಮಿನಿ ಎದ್ದು ನಿಂತರು, ಅಂಪೈರ್ ಹಸಿರು ಕಾರ್ಡ್ ತೋರಿಸಿದ. ಹಸಿರು ಕಾರ್ಡ್ ಎಂದರೆ ಎರಡು ನಿಮಿಷ ಹೊರಗೆ ಕೂತು ನೀರು ಕುಡಿಯುವ ಶಿಕ್ಷೆ.

ಪುರಂದರ ಕುರ್ಚಿಯ ಕೈ ಹಿಡಿದುಕೊಂಡಿದ್ದ. ಅವನಿಗೆ ಅಂಪೈರ್ ಮೇಲೆ ಸಿಟ್ಟು, ಬಾವಾಕುಂಞಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಆ ಬಿಳಿ ಬಟ್ಟೆಯ ಕುರ್ಚಿಯಲ್ಲಿ ಕೂತ ತನ್ನ ಮೇಲೆ ಸಿಟ್ಟು.

ಹಾಫ್‌ಟೈಮ್ ಆಯಿತು. ಹುಡುಗನನ್ನು ತಂದು ಮುಂದಿನ ಸಾಲಿನಲ್ಲಿ ಕೂರಿಸಿ ಕಾಲಿಗೆ ಐಸ್ ಕಟ್ಟಿದರು. ಮೂಳೆ ಮುರಿದಿಲ್ಲ, ಆದರೆ ಊದಿಕೊಂಡಿತ್ತು. ಇನ್ನು ಹತ್ತು ನಿಮಿಷ ಬಿಟ್ಟು ಆಡುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಧನಂಜಯ್ ಮಗನ ಕಾಲು ನೋಡಿದರು. ಮೈದಾನದ ಕಡೆ ನೋಡಿದರು. ಆಮೇಲೆ ಕಿತ್ತಳೆಯ ಡಬ್ಬ ಹಿಡಿದುಕೊಂಡು ನೆಟ್ಟಗೆ ಎರಡನೆಯ ಸಾಲಿಗೆ ಬಂದರು. ಇನ್ನೊಂದು ಕೈಯಲ್ಲಿ ಮಡಿಸಿದ ನಾಲ್ಕನೇ ನಂಬರಿನ ಜೆರ್ಸಿ ಇತ್ತು. ಪುರಂದರನ ಜೆರ್ಸಿ.

"ನಿಮ್ಮ ಹೆಸರು ರಿಸರ್ವ್‌ನಲ್ಲಿ ಇಟ್ಟೇ ಇದ್ದೆ ಪುರಂದರ್," ಎಂದರು. ಅವನ ಅಂಗೈಗೆ ಕಿತ್ತಳೆ ತೊಳೆ ಹಾಕಿ ಬಾಗಿದರು. "ಹನ್ನೊಂದು."

ಪುರಂದರನಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಹೊಳೆಯಿತು. ತನ್ನನ್ನು ಹೊರಗೆ ಹಾಕಿರಲಿಲ್ಲ, ಕಟ್ಟಿಹಾಕಿದ್ದರು. ಅತಿಥಿಗಳ ಎದುರಿಗೆ ನಾಯಿಯನ್ನು ಹಿತ್ತಲಲ್ಲಿ ಕಟ್ಟಿ, ಕಳ್ಳ ಬಂದಾಗ ಹಗ್ಗ ಬಿಚ್ಚುವ ಹಾಗೆ. ಕೆಂಪು ಕಾರ್ಡ್ ಬಿದ್ದರೆ ಅವನ ಆಟ ಮುಗಿಯುತ್ತದೆ ಎಂದು ಹೋದ ವಾರ ಇದೇ ಬಾಯಿ ಕಾಳಜಿಯಿಂದ ಹೇಳಿತ್ತು. ಪಿತ್ತ ನೆತ್ತಿಗೇರಿತು.

"ಹನ್ನೊಂದು ಎಂತ ಸರ್?" ಎಂದ.

"ಗೊತ್ತಲ್ಲ."

"ಗೊತ್ತಿಲ್ಲ. ಆರು ವರ್ಷ ಗೊತ್ತಿತ್ತು, ಈಗ ಮರೆತುಹೋಗಿದೆ. ಹನ್ನೊಂದನೇ ನಂಬರಿಗೆ ನಾನು ಎಂತ ಮಾಡಬೇಕು, ಬಾಯಿಬಿಟ್ಟು ಹೇಳಿ."

ಧನಂಜಯ್ ಸುತ್ತ ನೋಡಿದರು. ಎರಡು ಕುರ್ಚಿಯಾಚೆ ನ್ಯಾನ್ಸಿ ಮೇಡಂ ಫೋನಿನಲ್ಲಿ ಮಾತಾಡುತ್ತಿದ್ದರು. "ಮೆಲ್ಲಗೆ ಪುರಂದರ್. ಸ್ವಲ್ಪ ಅವನನ್ನ... ಮ್ಯಾನೇಜ್ ಮಾಡಿ."

"ಮ್ಯಾನೇಜರ್ ನೀವು. ನಾನು ಮ್ಯಾನೇಜ್ ಮಾಡ್ಲಿಕ್ಕೆ ಕಲಿತಿಲ್ಲ."

"ಸರ್, ಇವರಿಗೆ ಇನ್ನೊಂದು ಕಾರ್ಡ್ ಆದ್ರೆ ಆಟ ಮುಗೀತು ಅಂತ ನೀವೇ ಹೇಳಿದ್ದಲ್ವಾ?" ಉಮಾವತಿ ನಡುವೆ ಬಾಯಿ ಹಾಕಿದಳು. ಧನಂಜಯ್ ಅವಳ ಕಡೆ ತಿರುಗಲೂ ಇಲ್ಲ.

ಮುಂದಿನ ಸಾಲಿನಿಂದ ಪೃಥ್ವಿ ತಿರುಗಿ ನೋಡಿದ. ಅವನಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಜಸ್ಟ್ ಸೇ ಇಟ್, ಅಪ್ಪ. ಯು ಆಲ್ವೇಸ್ ಗಿವ್ ಹಿಮ್ ದ ನಂಬರ್. ವಿ ಆಲ್ ನೋ."

ಮಗ ಆಡಿದ ಮಾತಿಗೆ ಧನಂಜಯ್ ಮುಖ ಕೆಂಪಾಯಿತು. ಅವರ ಬಾಯಿಂದ ಮಾತು ಹೊರಟಾಗ ಅವರು ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಹೊರಟಿತು.

"ಹೊಡೀರಿ ಅವನಿಗೆ. ನನ್ನ ಮಗನ ಕಾಲು ಹಿಂಗ್ ಮಾಡಿದಾನೆ. ಅವನೂ ಎದ್ದು ಆಡಬಾರದು, ಹಂಗೆ ಹೊಡೀರಿ."

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಯಾಮಿನಿ ಗಂಡನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಫೋನಿನಲ್ಲಿ ಮುಳುಗಿದ್ದ ನ್ಯಾನ್ಸಿ ಮೇಡಂ ಒಬ್ಬರಿಗೇ ಅದು ಕೇಳಿಸಲಿಲ್ಲ, ಮಾತು ಮುಂದುವರಿಸಿದರು.

"ಈಗ ಕೇಳಿಸಿತು," ಎಂದ ಪುರಂದರ. ಕಿತ್ತಳೆ ತೊಳೆಗಳನ್ನು ಡಬ್ಬಕ್ಕೆ ವಾಪಸು ಹಾಕಿ ಜೆರ್ಸಿ ತೆಗೆದುಕೊಂಡ.

"ಹೋಗ್ತೀರಾ?" ಉಮಾವತಿ ಅವನ ತೋಳು ಹಿಡಿದಳು. "ಇವರಿಗಾಗಿ?"

"ಇವರಿಗಾಗಿ ಅಲ್ಲ. ಆ ಹುಡುಗ ಪುನಃ ಮೈದಾನಕ್ಕೆ ಬರ್ತಾನೆ. ಒಬ್ಬನೇ ಬರಬಾರದು."

ಎರಡನೆಯ ಅರ್ಧ ಶುರುವಾದಾಗ ಬಾವಾಕುಂಞಿ ಅವನನ್ನು ನೋಡಿ ನಿಂತುಬಿಟ್ಟ. ಅವನು ಉಪ್ಪಳದವನು, ಪೋರ್ಟಿನಲ್ಲಿ ಕ್ರೇನ್ ನಡೆಸುವವನು. ಶುವೈಖ್‌ನ ಒಂದೇ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಾರೆ. ಪಂದ್ಯದಲ್ಲಿ ಇಬ್ಬರದೂ ಒಂದೇ ಕೆಲಸ. ಆ ಕೆಲಸಕ್ಕೂ ಒಂದು ನಿಯಮ ಉಂಟು: ಹೊಡೆಯುವವನಿಗೆ ಮಾತ್ರ ಹೊಡೆಯಬೇಕು, ಎದುರಿನಿಂದ ಹೊಡೆಯಬೇಕು.

"ಸಿಟ್ಟು ಮಾಡ್ಬೇಡಿ ಪುರಂದರಣ್ಣ," ಎಂದ ಬಾವಾಕುಂಞಿ. "ನಮ್ಮವರು ನನಗೆ ಒಂಬತ್ತು ಅಂತ ಹೇಳಿದ್ರು."

ಒಂಬತ್ತು ಎಂದರೆ ಪೃಥ್ವಿ. ಅಲ್ಲಿಯೂ ಒಬ್ಬ ಧನಂಜಯ್ ಇದ್ದಾರೆ ಎಂದು ಗೊತ್ತಾಗಿ ಪುರಂದರನ ಸಿಟ್ಟು ಎರಡು ಪಟ್ಟಾಯಿತು.

"ನಂಬರ್ ಹೇಳಿದ್ದು ಅವರು. ಹಿಂದಿನಿಂದ ಹೊಡೆದದ್ದು ನೀನು," ಎಂದ. "ಮಕ್ಕಳ ಕಾಲು ಅದು ಬಾವಾ."

ಬಾವಾಕುಂಞಿ ತನ್ನ ಜಾಗಕ್ಕೆ ಹೋದ. ಸ್ವಲ್ಪ ಹೊತ್ತಿನಲ್ಲಿ ಅವನು ಚೆಂಡು ತೆಗೆದುಕೊಂಡು ಬಂದ. ಪುರಂದರ ಎದುರಿನಿಂದಲೇ ಹೋದ. ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ, ಇಡೀ ಮೈಭಾರ ಅದರ ಹಿಂದಿಟ್ಟು ಚೆಂಡನ್ನೇ ತಡೆದ. ಆರು ವರ್ಷದ ಸಿಟ್ಟೆಲ್ಲ ಆ ತಡೆಯಲ್ಲಿತ್ತು. ಬಾವಾಕುಂಞಿ ಅವನ ಸ್ಟಿಕ್ಕಿಗೆ ಎಡವಿ ಹೋಗಿ ದೂರ ಬಿದ್ದ. ಅಂಪೈರ್ ಸೀಟಿಯನ್ನು ಬಾಯಿಗಿಟ್ಟವನು ಊದಲಿಲ್ಲ. ಚೆಂಡು ಬಿಟ್ಟು ಬೇರೇನನ್ನೂ ಪುರಂದರ ಮುಟ್ಟಿರಲಿಲ್ಲ.

ಕೈ ಕೊಟ್ಟು ಎಬ್ಬಿಸಿದ. "ಸಾಕಾ?"

"ಸಾಕು," ಎಂದ ಬಾವಾಕುಂಞಿ, ಮೊಣಕೈ ಉಜ್ಜಿಕೊಳ್ಳುತ್ತ. ಆಮೇಲೆ ಪೃಥ್ವಿ ಕುಂಟುತ್ತ ಆಟಕ್ಕೆ ಇಳಿದ. ಅವನ ಕಡೆಗೆ ಬಾವಾಕುಂಞಿ ಮತ್ತೆ ಹೋಗಲಿಲ್ಲ, ಬೇರೆ ಯಾರೂ ಹೋಗಲಿಲ್ಲ. ಪುರಂದರ ಹಿಂದೆ ನಿಂತಿದ್ದಾನೆ ಎಂಬುದೇ ಸಾಕಾಗಿತ್ತು. ಗಟ್ಟಿ ಆಳು ತಂಡಕ್ಕೆ ಯಾಕೆ ಬೇಕು ಎಂದು ಕಮಿಟಿ ಕಾಫಿ ಕುಡಿಯುತ್ತ ಚರ್ಚಿಸಿತ್ತಲ್ಲ, ಇದಕ್ಕೆ ಬೇಕು.

ಕೊನೆಯ ನಿಮಿಷದಲ್ಲಿ ಪೋರ್ಟ್ ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅದನ್ನು ತಡೆಯಲು ಗೋಲಿನಿಂದ ಒಬ್ಬ ಚೆಂಡು ಹೊಡೆಯುವವನ ಎದುರಿಗೇ ಓಡಬೇಕು. ಕಾವೇರಿಯಲ್ಲಿ ಆ ಕೆಲಸಕ್ಕೆ ಯಾವತ್ತೂ ಪೈಪೋಟಿ ಇರಲಿಲ್ಲ. ಪುರಂದರ ಮುಖವಾಡ ಕಟ್ಟಿಕೊಂಡ, ಓಡಿದ. ಚೆಂಡು ಬಂದು ತೊಡೆಗೆ ಬಡಿಯಿತು. ಮೊಣಕಾಲಿನ ಕೆಳಗೆ ಬಿದ್ದಿದ್ದರೆ ಎದುರಿನವರಿಗೆ ಮತ್ತೊಂದು ಕಾರ್ನರ್; ಮೇಲೆ ಬಿದ್ದದ್ದರಿಂದ ಚೆಂಡು ಕಾವೇರಿಗೆ. ಅವನು ಬಿದ್ದಲ್ಲೇ ಇದ್ದಾಗ ಕೊನೆಯ ಸೀಟಿ ಕೇಳಿಸಿತು. ಒಂದೇ ಗೋಲಿನಲ್ಲಿ ಗೆದ್ದಿದ್ದರು.

ಎಲ್ಲರೂ ಪೃಥ್ವಿಯನ್ನು ಎತ್ತಿಕೊಂಡು ಕುಣಿದರು. ಅದರಲ್ಲಿ ತಪ್ಪೇನಿಲ್ಲ. ಬಾವಾಕುಂಞಿ ಬಂದು ಪುರಂದರನನ್ನು ಎಬ್ಬಿಸಿ ಕೂರಿಸಿದ. ಉಮಾವತಿ ಐಸಿನ ಚೀಲ ತಂದು, ಬಯ್ಯುತ್ತಲೇ ತೊಡೆಯ ಮೇಲೆ ಒತ್ತಿ ಹಿಡಿದಳು.

ಫೋಟೋ ತೆಗೆಯುವ ಹೊತ್ತಿಗೆ ಧನಂಜಯ್ ನ್ಯಾನ್ಸಿ ಮೇಡಂ ಅವರನ್ನು ಕರೆದುಕೊಂಡು ಬಂದರು. ಮುಖದಲ್ಲಿ ಹಳೆಯ ನಗು ಮರಳಿ ಬಂದಿತ್ತು.

"ಇವರು ಯಾರು?" ಎಂದು ಕೇಳಿದರು ನ್ಯಾನ್ಸಿ ಮೇಡಂ. "ಮೊದಲು ಆಟದಲ್ಲಿ ಇರ್ಲಿಲ್ಲ ಅಲ್ವಾ?"

"ನಮ್ಮ ಪುರಂದರ್, ಮೇಡಂ. ಸೀನಿಯರ್ ಪ್ಲೇಯರ್. ಇವತ್ತು ನೋಡಿದ್ರಲ್ಲ, ಎಷ್ಟು ಕ್ಲೀನ್ ಆಟ. ಹಿಂಗೇ ಆಡಬೇಕು ಅಂತ ನಾನು ಹುಡುಗರಿಗೆ ಯಾವಾಗಲೂ ಹೇಳ್ತಿರ್ತೀನಿ."

ಪುರಂದರ ಐಸಿನ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದು ನಿಂತ.

"ಅಲ್ಲ ಮೇಡಂ. ನಾನು ಈ ಟೀಮಿನಲ್ಲಿ ಹೊಡೆಯುವವ. ಆರು ವರ್ಷ ಹೊಡೆದಿದ್ದೇನೆ. ಯಾರಿಗೆ ಹೊಡೆಯಬೇಕು ಅಂತ ಹೇಳುವವರು ಇವರು. ಫೋಟೋದಲ್ಲಿ ನಮ್ಮಿಬ್ಬರನ್ನು ಒಟ್ಟಿಗೆ ನಿಲ್ಲಿಸಿ."

ಧನಂಜಯ್ ಕಪ್ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಪುರಂದರ ಕುಂಟುತ್ತ ಹೋಗಿ, ಸಾಲಿನ ನಟ್ಟನಡುವೆ, ಅವರ ಭುಜಕ್ಕೆ ಭುಜ ತಾಗುವ ಹಾಗೆ ನಿಂತುಕೊಂಡ.